ಐಡಲಿಂಗ್ ಚೆನ್ನಾಗಿದೆ, 2500 ದಾಟಿ ರೇಸ್ ಏರುತ್ತಿಲ್ಲ: ಹಳೇ ಕಾರ್ಬೊರೇಟರ್ ಎಂಜಿನ್

ಹಳೇಗಾಡಿ

ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಸುಮಾರು 50 ಎಚ್‌ಪಿ. ಸಿಂಗಲ್ ಬ್ಯಾರಲ್ ಕಾರ್ಬೊರೇಟರ್, ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಮತ್ತು ಕಂಡೆನ್ಸರ್ ಇರುವ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಭಾಗ). ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್. ಐಡಲಿಂಗ್ 850 ಆರ್‌ಪಿಎಂನಲ್ಲಿ ಅಲುಗಾಟವಿಲ್ಲದೆ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಮೆಲ್ಲಗೆ ರೇಸ್ ಕೊಟ್ಟರೆ 2500ರ ಹೊತ್ತಿಗೆ ಪಟಪಟ ಮಿಸ್ ಹೊಡೆದು ಅಲ್ಲೇ ನಿಂತುಬಿಡುತ್ತೆ, ಮೇಲೇರಲ್ಲ. ಸೈಲೆನ್ಸರ್ ಒಳಗೆ ಆಗಾಗ ಪಟಾಕಿ.

ಇದುವರೆಗೆ ಬದಲಾಯಿಸಿದ್ದು: ನಾಲ್ಕು ಪ್ಲಗ್, ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್, ಕಾರ್ಬೊರೇಟರಿನ ಪೂರಾ ಕಿಟ್. ಜೆಟ್‌ಗಳನ್ನು ಎರಡು ಸಲ ತೊಳೆದಾಯಿತು. ಏನೂ ವ್ಯತ್ಯಾಸವಿಲ್ಲ. ರಸ್ತೆಯಲ್ಲಿ ಮಾತ್ರ ವಿಚಿತ್ರ: ಪೆಡಲ್ ಅರ್ಧ ಒತ್ತಿದರೆ ಜರ್ಕ್, ಪೂರ್ತಿ ಒತ್ತಿದರೆ ಅಷ್ಟಿಲ್ಲ. ಆದರೆ ಏರು ರಸ್ತೆಯಲ್ಲಿ ಪೂರ್ತಿ ಒತ್ತಿಕೊಂಡೇ ಎರಡು ಮೂರು ನಿಮಿಷ ಹೋದರೆ ಗಾಡಿ ಸುಸ್ತಾಗುತ್ತೆ. ಎಲ್ಲಿಂದ ಶುರು ಮಾಡಲಿ?

ನೀಲಿಕಿಡಿ

ಮೊದಲು ಬಿಡಿಭಾಗ ಕೊಳ್ಳೋದು ನಿಲ್ಲಿಸಿ ಸರ್. ಮೀಟರ್ ಇಲ್ಲದೆ ಬದಲಾಯಿಸುತ್ತಾ ಹೋದರೆ ಕೊನೆಗೆ ಯಾವುದು ಹಳೇ ತೊಂದರೆ, ಯಾವುದು ಹೊಸ ಭಾಗ ತಂದ ತೊಂದರೆ ಅನ್ನೋದೇ ಗೊತ್ತಾಗಲ್ಲ.

ಸ್ಪ್ಯಾನರ್ ಹಿಡಿಯುವ ಮುಂಚೆ ಮೂರು ವಿಷಯ ಬೇರ್ಪಡಿಸಿ. ಒಂದು, ಮಿಸ್ ಹೊಡೆಯುವ ರೀತಿ. ಸ್ವಿಚ್ ಒತ್ತಿ ಬಿಟ್ಟ ಹಾಗೆ ಚಟ್ ಚಟ್ ಅಂತ ಕಡಿದು ಕಡಿದು ಬಂದರೆ ಅನುಮಾನ ಕಿಡಿಯ ಮೇಲೆ. ಉಸಿರು ಕಟ್ಟಿದ ಹಾಗೆ ನಿಧಾನಕ್ಕೆ ಮಂಕಾದರೆ ಪೆಟ್ರೋಲ್, ಗಾಳಿ ಅಥವಾ ಸೈಲೆನ್ಸರ್. ಎರಡು, ನ್ಯೂಟ್ರಲ್‌ನಲ್ಲೇ ಏರುತ್ತಿಲ್ಲವೋ, ಲೋಡ್ ಬಿದ್ದಾಗ ಮಾತ್ರವೋ. ನ್ಯೂಟ್ರಲ್‌ನಲ್ಲಿ ತಿರುಗಲು ಎಂಜಿನ್ನಿಗೆ ಬೇಕಾಗುವ ಪೆಟ್ರೋಲ್ ತೀರಾ ಕಡಿಮೆ. ಅರ್ಧ ಕಟ್ಟಿಕೊಂಡ ಪೈಪ್ ಕೂಡ ಅಷ್ಟನ್ನು ಕೊಟ್ಟುಬಿಡುತ್ತೆ. ಹಾಗಾಗಿ ನ್ಯೂಟ್ರಲ್‌ನಲ್ಲೇ 2500ಕ್ಕೆ ನಿಂತಿತು ಅಂದರೆ ಪೆಟ್ರೋಲ್ ಲೈನ್ ಪಟ್ಟಿಯ ಕೆಳಗೆ ಹೋಗುತ್ತೆ, ಮೇಲೆ ಬರೋದು ಕಿಡಿ, ಅಡ್ವಾನ್ಸ್ (ಕಿಡಿಯನ್ನು ಬೇಕಾದಷ್ಟು ಮುಂಚೆ ಬರಿಸುವ ವ್ಯವಸ್ಥೆ), ಮೇನ್ ಜೆಟ್, ಕಟ್ಟಿದ ಸೈಲೆನ್ಸರ್. ಮೂರು, ತಕ್ಷಣವೋ, ಹೊತ್ತಾದ ಮೇಲೋ. ನೀವು ಬರೆದಿರೋದರಲ್ಲಿ ಎರಡೂ ಇದೆ. ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಕೂತಿರಬಹುದು, ಅದನ್ನು ಮರೆಯಬೇಡಿ.

ರೇಸ್ ಕೊಡುವಾಗ ಆರ್‌ಪಿಎಂ ಮೀಟರಿನ ಮುಳ್ಳು ಏನು ಮಾಡುತ್ತೆ ನೋಡಿ ಹೇಳಿ.

ಟ್ಯಾಪೆಟ್‌ಸದ್ದು

ಎಲ್ಲಾರೂ ದೊಡ್ಡ ದೊಡ್ಡ ಮಾತಾಡೂಕಿಂತ ಮೊದಲ ಸಣ್ಣದು ನೋಡ್ರಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಎಂಜಿನ್ ಬಂದ್ ಇಟ್ಟು, ಒಬ್ಬರಿಗೆ ಪೆಡಲ್ ಪೂರ್ತಿ ಒತ್ತಲಿಕ್ಕೆ ಹೇಳ್ರಿ. ಕಾರ್ಬೊರೇಟರ್ ಬಾಯಾಗ ಇಣುಕಿದ್ರ ಥ್ರಾಟಲ್ ತಟ್ಟಿ ನೆಟ್ಟಗ ನಿಂತಿರಬೇಕು. ಅರ್ಧಕ್ಕ ನಿಂತಿದ್ರ ಕೇಬಲ್ ಹಿಗ್ಗೇತಿ, ಇಲ್ಲಾ ಪೆಡಲ್ ಕೆಳಗ ಮ್ಯಾಟ್ ಮಡಚಿ ಕುಂತೈತಿ. ಎಷ್ಟೋ ಎಂಜಿನ್ ಇಷ್ಟಕ್ಕ ಬಿಚ್ಚಿಸಿಕೊಂಡಾವು. ಅದೇ ಹೊತ್ತಿಗೆ ಒತ್ತಿದ ಕೂಡಲೇ ಆಕ್ಸಿಲರೇಟರ್ ಪಂಪಿನ ನಳಿಕೆಯಿಂದ ಪೆಟ್ರೋಲ್ ದಾರದಂಗ ಚಿಮ್ಮತೈತೇನು ನೋಡ್ರಿ. ಚಿಮ್ಮದಿದ್ರ ಪೆಡಲ್ ಒತ್ತಿದ ಕ್ಷಣಕ್ಕ ಮುಗ್ಗರಸತೈತಿ, ಆದ್ರ ಮೆಲ್ಲಕ ಏರಿಸಿದ್ರ ಏರತೈತಿ. ನಿಮ್ಮದು ಮೆಲ್ಲಕ ಕೊಟ್ರೂ ಏರೂದಿಲ್ಲ, ಅಂದ್ರ ಪಂಪ್ ಕಾರಣ ಅಲ್ಲ.

ಕಾರ್ಬ್‌ಕಟ್ಟೆ

ಕಿಡಿ ಪಕ್ಷದವರು ಬಂದಾಯಿತು, ಕಾರ್ಬೊರೇಟರ್ ಪರ ನಾನು ವಾದ ಮಾಡುತ್ತೇನೆ. ಐಡಲಿಂಗ್ ಚೆನ್ನಾಗಿ ಇದ್ದು ಮೇಲೆ ಏರದಿರುವುದು ಮೇನ್ ಜೆಟ್ ಕಟ್ಟಿದ್ದರ ಕೈಬರಹ. ಐಡಲಿಂಗಿಗೆ ಸ್ಲೋ ಜೆಟ್ಟಿನ ದಾರಿ ಬೇರೆ. ಥ್ರಾಟಲ್ ಸ್ವಲ್ಪ ತೆರೆದ ಮೇಲೆ ಮೇನ್ ಜೆಟ್, ಎಮಲ್ಷನ್ ಟ್ಯೂಬ್ (ಪೆಟ್ರೋಲಿಗೆ ಗಾಳಿ ಬೆರೆಸುವ ತೂತಿನ ಕೊಳವೆ) ಕೆಲಸ ವಹಿಸಿಕೊಳ್ಳುತ್ತವೆ. ಜೆಟ್ ತೊಳೆದರೂ ಎಮಲ್ಷನ್ ಟ್ಯೂಬಿನ ಪಕ್ಕದ ತೂತುಗಳು ಮುಚ್ಚಿದ್ದರೆ ಪ್ರಯೋಜನವಿಲ್ಲ. ಹಾಗಂತ ತಂತಿ ಹಾಕಿ ಕೆದಕಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತಿನ ಅಳತೆಯೇ ಕೆಡುತ್ತದೆ. ಕ್ಲೀನರ್ ಮತ್ತು ಗಾಳಿ ಸಾಕು.

ಪರೀಕ್ಷೆ ಎರಡು, ಮೊದಲನೆಯದಕ್ಕೆ ಏನೂ ಬಿಚ್ಚಬೇಕಾಗಿಲ್ಲ.

ಎಂಜಿನ್ ಬಿಸಿ ಇರುವಾಗ ಮಿಸ್ ಹೊಡೆಯುವ ಜಾಗಕ್ಕೆ ರೇಸ್ ಇಟ್ಟು, ಚೋಕನ್ನು ಕೈಯಲ್ಲಿ ಮೂರನೇ ಒಂದು ಭಾಗ ಮುಚ್ಚಿ. ಆರ್‌ಪಿಎಂ ಏರಿ ಸದ್ದು ನಯವಾದರೆ ಮಿಕ್ಸ್ಚರ್ ಲೀನ್, ಅಂದರೆ ಪೆಟ್ರೋಲ್ ಕಡಿಮೆ: ಜೆಟ್, ಫ್ಲೋಟ್ ಮಟ್ಟ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ರಿಚ್, ಪೆಟ್ರೋಲ್ ಜಾಸ್ತಿ. ಏನೂ ಬದಲಾಗದಿದ್ದರೆ ನಾನು ವಾದ ಬಿಟ್ಟು ಎದ್ದು ಹೋಗುತ್ತೇನೆ.

ಎರಡನೆಯದು ಫ್ಲೋಟ್ ಚೇಂಬರ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ತೊಟ್ಟಿ) ಪರೀಕ್ಷೆ. ಗಾಡಿ ಸುಸ್ತಾಗುವ ಸ್ಥಿತಿಗೆ ಬಂದ ಕ್ಷಣವೇ ಕ್ಲಚ್ ಒತ್ತಿ, ಕೀ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ. ಐಡಲಿಂಗಿಗೆ ಬಿಡಬೇಡಿ, ಬಿಟ್ಟರೆ ಚೇಂಬರ್ ಮತ್ತೆ ತುಂಬಿ ಸಾಕ್ಷಿ ಅಳಿಸಿಹೋಗುತ್ತದೆ. (ಸ್ಟೇರಿಂಗ್ ಲಾಕ್ ಇರುವ ಗಾಡಿಯಾದರೆ ಕೀಯನ್ನು ಲಾಕ್ ತನಕ ತಿರುಗಿಸಬೇಡಿ.) ಎಂಜಿನ್ ಸ್ವಲ್ಪ ಆರಿದ ಮೇಲೆ ಮುಚ್ಚಳ ತೆಗೆದು ಪೆಟ್ರೋಲ್ ಮಟ್ಟ ನೋಡಿ. ತಳಕ್ಕೆ ಇಳಿದಿದ್ದರೆ ತಪ್ಪು ಕಾರ್ಬೊರೇಟರಿನ ಮುಂಚೆ ಇದೆ. ತುಂಬಿದ್ದರೆ ಕಾರ್ಬೊರೇಟರಿನ ಒಳಗೋ ಆಚೆಗೋ ಹುಡುಕಬೇಕು.

ಹಳೇಗಾಡಿ

ಥ್ರಾಟಲ್ ಪೂರ್ತಿ ತೆರೆಯುತ್ತೆ. ಪಂಪ್ ಚಿಮ್ಮುತ್ತೆ. ಚೋಕ್ ಮುಚ್ಚಿದರೆ 2500ರ ಮಿಸ್ಸಿಂಗ್ ಹಾಗೇ ಇದೆ, ಇನ್ನೂ ಮುಚ್ಚಿದರೆ ಕಪ್ಪು ಹೊಗೆ. ಆರ್‌ಪಿಎಂ ಮುಳ್ಳು 2500ರಲ್ಲಿ ಹುಚ್ಚು ಹಿಡಿದ ಹಾಗೆ ಕುಣಿದು, ಕೆಲವೊಮ್ಮೆ 1000ಕ್ಕೆ ಬಿದ್ದು ಮತ್ತೆ ಎದ್ದು ಬರುತ್ತೆ.

ಕಾರ್ಬ್‌ಕಟ್ಟೆ

ಎದ್ದು ಹೋದೆ. ಆದರೆ ಏರು ರಸ್ತೆಯ ಸುಸ್ತು ನನ್ನ ಕಕ್ಷಿದಾರನದ್ದೇ ಇರಬಹುದು, ಅದಕ್ಕೆ ಮತ್ತೆ ಬರುತ್ತೇನೆ.

ಹೊಗೆಕೊಳವೆ

ಕಿಡಿಗೆ ಹೋಗುವ ಮುಂಚೆ ಹತ್ತು ನಿಮಿಷ ಕೊಟ್ಟು ಸೈಲೆನ್ಸರನ್ನು ಪಟ್ಟಿಯಿಂದ ತೆಗೆದುಬಿಡಿ. ಹಳೇ ಗಾಡಿಯಲ್ಲಿ ಸೈಲೆನ್ಸರಿನ ಒಳಗಿನ ತಡೆ ತಟ್ಟಿ ಕಳಚಿ ಬಾಯಿಗೆ ಅಡ್ಡ ಬೀಳುತ್ತೆ. ಎರಡು ಪದರದ ಪೈಪಿನಲ್ಲಿ ಒಳಪದರ ಕುಸಿದರೆ ಹೊರಗಿನಿಂದ ಗೊತ್ತೇ ಆಗಲ್ಲ.

ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಸಮುದ್ರಮಟ್ಟದಲ್ಲಿ ಆರೋಗ್ಯವಾಗಿರುವ ಎಂಜಿನ್ ಐಡಲಿಂಗಿನಲ್ಲಿ 17ರಿಂದ 21 ಇಂಚು ಪಾದರಸ ತೋರಿಸುತ್ತೆ, ಮುಳ್ಳು ಅಲುಗಬಾರದು. ಎತ್ತರದಲ್ಲಿ ಪ್ರತಿ 300 ಮೀಟರಿಗೆ ಸುಮಾರು 1 ಇಂಚು ಕಡಿಮೆ ಲೆಕ್ಕ ಹಾಕಿ. ಆಮೇಲೆ ಮಿಸ್ ಶುರುವಾಗುವುದಕ್ಕಿಂತ ಸ್ವಲ್ಪ ಕೆಳಗೆ, 2200–2300ರಲ್ಲಿ, ಅರ್ಧ ನಿಮಿಷ ಹಿಡಿದಿಡಿ. ಓದು ಐಡಲಿಂಗಿನಷ್ಟೇ ಇದ್ದರೆ ಅಥವಾ ಒಂದೆರಡು ಇಂಚು ಏರಿದರೆ ಹೊಗೆಯ ದಾರಿ ಖುಲ್ಲಾ. ಒಂದೇ ಸಮನೆ ಇಳಿಯುತ್ತಾ ಹೋದರೆ ಕಟ್ಟಿದೆ. ಖಚಿತಪಡಿಸಲು ಮ್ಯಾನಿಫೋಲ್ಡಿನ ಕೆಳಗಿನ ಪೈಪ್ ಜೋಡಣೆ ಸಡಿಲಿಸಿ ಮತ್ತೆ ರೇಸ್ ಕೊಟ್ಟು ನೋಡಿ. ಸದ್ದು ಜಾಸ್ತಿ, ಹೊಗೆ ಮುಖಕ್ಕೇ ಬರುತ್ತೆ, ಬಯಲಲ್ಲಿ ಮಾಡಿ.

ಇದೇ ಗೇಜ್ ಬೇರೆ ಸುದ್ದಿಯನ್ನೂ ಹೇಳುತ್ತೆ. ಆರ್‌ಪಿಎಂ ಏರಿದಷ್ಟೂ ಮುಳ್ಳಿನ ನಡುಕ ಹೆಚ್ಚಾದರೆ ವಾಲ್ವ್ ಸ್ಪ್ರಿಂಗ್ ಸೋತಿದೆ. ಅಲುಗದೆ 10–14ರಲ್ಲಿ ಕೂತಿದ್ದರೆ ಕಿಡಿಯ ಟೈಮಿಂಗ್ ಹಿಂದೆ ಬಿದ್ದಿದೆ, ಇಲ್ಲವೇ ಟೈಮಿಂಗ್ ಚೈನ್ ಒಂದು ಹಲ್ಲು ಹಾರಿದೆ, ಇಲ್ಲವೇ ಗಾಳಿ ಸೋರುತ್ತಿದೆ.

ಹಳೇಗಾಡಿ

ಗೇಜ್ 18, ಅಲುಗಾಟವಿಲ್ಲ. 2300ರಲ್ಲಿ 20, ಅರ್ಧ ನಿಮಿಷವೂ ಹಾಗೇ ನಿಂತಿತ್ತು.

ನೀಲಿಕಿಡಿ

ಹಾಗಾದರೆ ಸೈಲೆನ್ಸರ್, ಟೈಮಿಂಗ್ ಚೈನ್, ದೊಡ್ಡ ಗಾಳಿ ಸೋರಿಕೆ, ಮೂರೂ ಹೋದವು. ಆ ಕುಣಿಯುವ ಮುಳ್ಳೇ ನಿಮಗೆ ಸಿಕ್ಕ ದೊಡ್ಡ ಸುಳಿವು.

ಹಳೇ ಗಾಡಿಗಳಲ್ಲಿ ಆರ್‌ಪಿಎಂ ಮೀಟರ್ ಓದುವುದು ಕಾಯಿಲಿನ ಪ್ರೈಮರಿ ಕಡೆಯನ್ನು, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ಸುತ್ತನ್ನು. ಪ್ಲಗ್, ವೈರ್, ಕ್ಯಾಪ್, ರೋಟರ್ ಕೆಟ್ಟು ಮಿಸ್ ಹೊಡೆದರೆ ಪ್ರೈಮರಿ ಎಂದಿನಂತೆ ತೆರೆದು ಮುಚ್ಚುತ್ತಲೇ ಇರುತ್ತೆ, ಹಾಗಾಗಿ ಮುಳ್ಳು ಎಂಜಿನ್ ವೇಗವನ್ನೇ ತೋರಿಸುತ್ತೆ. ಎಂಜಿನ್ ತಿರುಗುತ್ತಿರುವಾಗ ಮುಳ್ಳು ಮಾತ್ರ ದಢಾರನೆ ಬಿದ್ದರೆ ಕರೆಂಟೇ ಕಡಿಯುತ್ತಿದೆ ಅಂತ ಅರ್ಥ: ಇಗ್ನಿಷನ್ ಸ್ವಿಚ್, ಕಾಯಿಲಿಗೆ ಬರುವ ವೈರ್, ಪಾಯಿಂಟ್, ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ ಒಳಗಿನ ವೈರ್, ಅರ್ತ್.

ಈ ಕ್ರಮದಲ್ಲಿ ಅಳೆಯಿರಿ.

ಬ್ಯಾಟರಿ ಪ್ಲಸ್‌ನಿಂದ ಕಾಯಿಲ್ ಪ್ಲಸ್‌ಗೆ ಫ್ಯೂಸ್ ಇರುವ ವೈರ್ ನೇರ ಕೊಟ್ಟು ರೇಸ್ ಮಾಡಿ. ಏರಿದರೆ ತಪ್ಪು ಸ್ವಿಚ್ಚಿನಲ್ಲೋ ಅಲ್ಲಿಂದ ಬರುವ ವೈರಿನಲ್ಲೋ. ಬ್ಯಾಲಾಸ್ಟ್ (ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟೆನ್ಸ್) ಜೊತೆಗಿನ ಕಾಯಿಲ್ ಆದರೆ ಒಂದು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ನೆನಪಿರಲಿ, ಈಗ ಕೀ ತಿರುಗಿಸಿದರೆ ಎಂಜಿನ್ ನಿಲ್ಲಲ್ಲ, ವೈರನ್ನೇ ಕೀಳಬೇಕು.

ಪಾಯಿಂಟ್ ಗ್ಯಾಪ್ ನಿಮ್ಮ ಡಿಸ್ಟ್ರಿಬ್ಯೂಟರಿಗೆ ಹೇಳಿರುವಷ್ಟೇ ಇಡಿ. ಲ್ಯೂಕಾಸ್ ಮಾದರಿಯ ಎಷ್ಟೋ ಡಿಸ್ಟ್ರಿಬ್ಯೂಟರುಗಳಿಗೆ 0.35–0.40 ಮಿ.ಮೀ. ಪಾಯಿಂಟ್ ಮುಖದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳಕೆ ಎದ್ದಿದ್ದರೆ ಫೀಲರ್ ಗೇಜ್ ಸುಳ್ಳು ಹೇಳುತ್ತೆ. ಡ್ವೆಲ್, ಅಂದರೆ ಪಾಯಿಂಟ್ ಮುಚ್ಚಿರುವ ಕೋನ, ಅಳೆಯುವ ಮೀಟರ್ ನಂಬಿ. ನಾಲ್ಕು ಸಿಲಿಂಡರಿಗೆ ಸಾಮಾನ್ಯವಾಗಿ 50ರಿಂದ 60 ಡಿಗ್ರಿ.

ಡ್ವೆಲ್ ಯಾಕೆ ಮುಖ್ಯ ಅಂದರೆ, ಪಾಯಿಂಟ್ ಮುಚ್ಚಿರುವ ಹೊತ್ತಿನಲ್ಲೇ ಕಾಯಿಲ್ ತುಂಬಿಕೊಳ್ಳಬೇಕು. 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿಗೆ ಸೆಕೆಂಡಿಗೆ 100 ಕಿಡಿ, ಅಂದರೆ ಒಂದು ಕಿಡಿಗೆ 10 ಮಿಲಿಸೆಕೆಂಡ್. ಡ್ವೆಲ್ 54 ಇದ್ದರೆ 90 ಡಿಗ್ರಿಯಲ್ಲಿ ಶೇಕಡ 60, ತುಂಬಲು ಸಿಗುವುದು 6 ಮಿಲಿಸೆಕೆಂಡ್. 6000ಕ್ಕೆ ಹೋದರೆ ಬರೀ 3. ಗ್ಯಾಪ್ ಅತಿಯಾಗಿ ಅಗಲವಾದರೆ ಡ್ವೆಲ್ ಕುಗ್ಗಿ ಮೇಲಿನ ವೇಗದಲ್ಲಿ ಕಾಯಿಲ್ ಅರ್ಧಹೊಟ್ಟೆಯಲ್ಲೇ ಕಿಡಿ ಕೊಡಬೇಕಾಗುತ್ತೆ. ಗ್ಯಾಪ್ ತೀರಾ ಕಿರಿದಾದರೆ ಪಾಯಿಂಟ್ ಸುಡುತ್ತೆ, ಟೈಮಿಂಗ್ ಕೂಡ ಹಿಂದೆ ಬೀಳುತ್ತೆ.

ಪಾಯಿಂಟ್ ಸ್ಪ್ರಿಂಗ್ ಸೋತಿದ್ದರೆ ಮೇಲಿನ ವೇಗದಲ್ಲಿ ಅದರ ಹಿಮ್ಮಡಿ ಕ್ಯಾಮನ್ನು ಹಿಂಬಾಲಿಸಲಾರದೆ ತೇಲುತ್ತೆ. ಅದು ಸಾಮಾನ್ಯವಾಗಿ 4000ದ ಆಚೆಯ ಕಾಯಿಲೆ, 2500ರದ್ದಲ್ಲ.

ಕಂಡೆನ್ಸರ್ 0.18–0.25 ಮೈಕ್ರೋಫ್ಯಾರಡ್ ಒಳಗಿರಬೇಕು. ಅದು ಸತ್ತರೆ ಪಾಯಿಂಟ್ ನಡುವೆ ದೊಡ್ಡ ಕಿಡಿ ಹಾರಿ, ಪ್ಲಗ್ಗಿನಲ್ಲಿ ಹಳದಿ ಬಡಕಲು ಕಿಡಿ ಬರುತ್ತೆ. ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂತಿಲ್ಲ, ಮೀಟರಿನಲ್ಲಿ ಅಳೆದೇ ಹಾಕಿ.

ಸ್ಪ್ಯಾನರ್13

ಇಷ್ಟೆಲ್ಲಾ ಯಾಕೆ ಮಾರಾಯ್ರೆ, ಕಾಯಿಲ್ ಬದಲಾಯಿಸಿ ಮುಗಿಸಿ. ಹೆಚ್ಚು ಶಕ್ತಿಯ ಸ್ಪೋರ್ಟ್ಸ್ ಕಾಯಿಲ್ ಹಾಕಿದರೆ ಎಲ್ಲ ಸರಿಹೋಗ್ತದೆ.

ನೀಲಿಕಿಡಿ

ಹೋಗಲ್ಲ. ಕಾಯಿಲ್ ಹಾಕುವ ಮುಂಚೆ ಗಾಡಿಯಲ್ಲಿ ಬ್ಯಾಲಾಸ್ಟ್ ಇದೆಯೋ ಇಲ್ಲವೋ ಗೊತ್ತಿರಬೇಕು. ಬ್ಯಾಲಾಸ್ಟ್ ಇಲ್ಲದ ವ್ಯವಸ್ಥೆಗೆ ಪ್ರೈಮರಿ ಸುಮಾರು 3 ಓಮ್ ಇರುವ ಕಾಯಿಲ್, ಬ್ಯಾಲಾಸ್ಟ್ ಇರುವುದಕ್ಕೆ ಸುಮಾರು 1.5 ಓಮ್. 1.5ರ ಕಾಯಿಲನ್ನು ನೇರ 12 ವೋಲ್ಟಿಗೆ ಕೊಟ್ಟರೆ 8 ಆಂಪಿಯರ್ ಹರಿದು ಪಾಯಿಂಟ್ ಕರಕಲು, ಕಾಯಿಲ್ ಮುಟ್ಟಲಾಗದಷ್ಟು ಬಿಸಿ. 3 ಓಮ್ ಕಾಯಿಲನ್ನು ಬ್ಯಾಲಾಸ್ಟ್ ವೈರಿಗೆ ಕೊಟ್ಟರೆ ಐಡಲಿಂಗ್ ಚೆನ್ನಾಗೇ ಇದ್ದು ಲೋಡಿನಲ್ಲಿ ಕಿಡಿ ಸೋಲುತ್ತೆ. ಬ್ಯಾಲಾಸ್ಟ್ ಎಷ್ಟೋ ಗಾಡಿಗಳಲ್ಲಿ ಕಣ್ಣಿಗೆ ಕಾಣುವ ಪಿಂಗಾಣಿ ತುಂಡಾಗಿ ಇರಲ್ಲ, ವೈರಿಂಗ್ ಕಟ್ಟಿನೊಳಗಿನ ರೆಸಿಸ್ಟೆನ್ಸ್ ವೈರ್ ಆಗಿ ಇರುತ್ತೆ. ಕೀ ಆನ್, ಪಾಯಿಂಟ್ ಮುಚ್ಚಿದ ಸ್ಥಿತಿ, ಕಾಯಿಲ್ ಪ್ಲಸ್‌ನಲ್ಲಿ 6–9 ವೋಲ್ಟ್ ಬಂದರೆ ಬ್ಯಾಲಾಸ್ಟ್ ಇದೆ, ಬ್ಯಾಟರಿಯಷ್ಟೇ ಬಂದರೆ ಇಲ್ಲ.

ಹಳೇಗಾಡಿ

ಅಳೆದ ಲೆಕ್ಕ:

ಕಾಯಿಲ್ ಪ್ರೈಮರಿ 3.1 ಓಮ್, ಸೆಕೆಂಡರಿ 8.4 ಕಿಲೋ ಓಮ್.
ಪಾಯಿಂಟ್ ಮುಚ್ಚಿದಾಗ ಕಾಯಿಲ್ ಪ್ಲಸ್ 11.9 ವೋಲ್ಟ್, ಬ್ಯಾಲಾಸ್ಟ್ ಇಲ್ಲ.
ಕಂಡೆನ್ಸರ್ 0.22.
ಡ್ವೆಲ್ ಐಡಲಿಂಗಿನಲ್ಲಿ 55. 2300ರಲ್ಲಿ 50–55 ನಡುವೆ ಓಲಾಡುತ್ತೆ, 2500ರಲ್ಲಿ ಮೀಟರೇ ಹುಚ್ಚಾಗುತ್ತೆ.
ಬ್ಯಾಟರಿಯಿಂದ ನೇರ ವೈರ್ ಕೊಟ್ಟರೂ ಮಿಸ್ ಹಾಗೇ.

ನೀಲಿಕಿಡಿ

ಚೊಕ್ಕವಾಗಿ ಅಳೆದಿದ್ದೀರಿ. ಸ್ವಿಚ್, ಕಾಯಿಲ್, ಕಂಡೆನ್ಸರ್ ಮೂರೂ ಬಚಾವ್. ಉಳಿದಿದ್ದು ಡಿಸ್ಟ್ರಿಬ್ಯೂಟರಿನ ಒಳಗೆ. ನೀವು ಮೊದಲ ದಿನ ಹೇಳಿದ "ವಿಚಿತ್ರ" ಈಗ ಅರ್ಥವಾಗುತ್ತಿದೆ: ಅರ್ಧ ಪೆಡಲಿನಲ್ಲಿ ಜರ್ಕ್, ಪೂರ್ತಿ ಪೆಡಲಿನಲ್ಲಿ ಇಲ್ಲ. ಕಿಡಿ ಸೋತ ಎಂಜಿನ್ ಇದಕ್ಕೆ ತದ್ವಿರುದ್ಧವಾಗಿ ಆಡಬೇಕು. ಯಾಕೆಂದರೆ ಪೂರ್ತಿ ಪೆಡಲಿನಲ್ಲಿ ಸಿಲಿಂಡರ್ ತುಂಬಿ, ಒತ್ತಡ ಏರಿ, ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತೆ.

ಹಾಗಾದರೆ ಅರ್ಧ ಪೆಡಲಿನಲ್ಲಿ ಇದ್ದು, ಪೂರ್ತಿ ಪೆಡಲಿನಲ್ಲಿ ಇಲ್ಲದಿರುವುದು ಏನು? ವ್ಯಾಕ್ಯೂಮ್ ಅಡ್ವಾನ್ಸ್! ಅದರ ಪೈಪ್ ಕಾರ್ಬೊರೇಟರಿನಲ್ಲಿ ಥ್ರಾಟಲ್ ತಟ್ಟಿಯ ಅಂಚಿನ ಸ್ವಲ್ಪ ಮೇಲಿಂದ ಬರುತ್ತೆ. ಐಡಲಿಂಗಿನಲ್ಲಿ ಅಲ್ಲಿ ಎಳೆತವಿಲ್ಲ. ತಟ್ಟಿ ಸ್ವಲ್ಪ ತೆರೆದರೆ ಎಳೆತ ಬಂದು ಪಾಯಿಂಟ್ ಕೂತಿರುವ ಪ್ಲೇಟನ್ನು ತಿರುಗಿಸುತ್ತೆ. ಪೂರ್ತಿ ತೆರೆದರೆ ಮ್ಯಾನಿಫೋಲ್ಡಿನಲ್ಲೇ ವ್ಯಾಕ್ಯೂಮ್ ಇರಲ್ಲ, ಪ್ಲೇಟ್ ವಾಪಸ್. ಆ ಪ್ಲೇಟ್ ತಿರುಗುವಾಗ ಅದರ ಜೊತೆ ಎರಡು ಪುಟ್ಟ ವೈರ್ ಮಡಚಿ ಬಿಚ್ಚಿಕೊಳ್ಳುತ್ತವೆ. ಒಂದು ಪಾಯಿಂಟಿನಿಂದ ಹೊರಗಿನ ಟರ್ಮಿನಲ್ಲಿಗೆ, ಇನ್ನೊಂದು ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಮೈಗೆ ಅರ್ತ್. ವರ್ಷಗಟ್ಟಲೆ ಮಡಚಿ ಮಡಚಿ ಹೊದಿಕೆಯ ಒಳಗೇ ಎಳೆಗಳು ತುಂಡಾಗಿರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ವೈರ್ ಗಟ್ಟಿಮುಟ್ಟು.

ವ್ಯಾಕ್ಯೂಮ್ ಪೈಪನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ಕಿತ್ತು, ಪೈಪಿನ ಬಾಯಿಗೆ ಬೋಲ್ಟ್ ತುರುಕಿ ಮುಚ್ಚಿ, ರೇಸ್ ಕೊಡಿ.

ಹಳೇಗಾಡಿ

4500ರ ತನಕ ಒಂದೇ ಉಸಿರಿಗೆ ಹೋಯಿತು! ಮುಳ್ಳು ಅಲುಗಲಿಲ್ಲ.

ಟ್ಯಾಪೆಟ್‌ಸದ್ದು

ಕಿಟ್ ಹಾಕಿ ಹಾಕಿ ಕಾರ್ಬೊರೇಟರ್ ಬ್ಯಾಸರ ಮಾಡಿಕೊಂಡಿತ್ತು ಪಾಪ.

ನೀಲಿಕಿಡಿ

ಖಚಿತಪಡಿಸಿಕೊಳ್ಳಿ. ಕ್ಯಾಪ್ ತೆಗೆದು, ಪಾಯಿಂಟ್ ಮುಚ್ಚುವ ಹಾಗೆ ಎಂಜಿನ್ ತಿರುಗಿಸಿ, ಕೀ ಆನ್. ಮೀಟರಿನ ಒಂದು ಕಡ್ಡಿ ಕಾಯಿಲ್ ಮೈನಸ್, ಇನ್ನೊಂದು ಬ್ಯಾಟರಿ ಮೈನಸ್. 0.2 ವೋಲ್ಟಿನ ಒಳಗಿರಬೇಕು. ಈಗ ಪ್ಲೇಟನ್ನು ಸ್ಕ್ರೂಡ್ರೈವರಿನಿಂದ ನಿಧಾನಕ್ಕೆ ತಿರುಗಿಸಿ. ಓದು 12ಕ್ಕೆ ಹಾರಿದ ಜಾಗದಲ್ಲಿ ವೈರ್ ಕಡಿಯುತ್ತಿದೆ. ಯಾವ ವೈರ್ ಅಂತ ತಿಳಿಯಲು ಹಾಗೇ ಹಿಡಿದು ಒಂದು ಕಡ್ಡಿಯನ್ನು ಪ್ಲೇಟಿನ ಮೇಲೆ, ಇನ್ನೊಂದನ್ನು ಬ್ಯಾಟರಿ ಮೈನಸ್ ಮೇಲೆ ಇಡಿ. ಅಲ್ಲೂ 12 ಬಂದರೆ ಅರ್ತ್ ವೈರ್, ಇಲ್ಲದಿದ್ದರೆ ಟರ್ಮಿನಲ್ ವೈರ್. ಹತ್ತು ಸೆಕೆಂಡಿಗಿಂತ ಹೆಚ್ಚು ಕೀ ಆನ್ ಬಿಡಬೇಡಿ, ಕಾಯಿಲ್ ಬಿಸಿಯಾಗುತ್ತೆ.

ಬದಲಾಯಿಸುವಾಗ ಮನೆ ವೈರಿಂಗಿನ ತಾಮ್ರ ಬೇಡ, ಸ್ವಲ್ಪ ದಿನದಲ್ಲೇ ಮುರಿಯುತ್ತೆ. ಸಣ್ಣ ಎಳೆಗಳು ತುಂಬಾ ಇರುವ ಸಿಲಿಕೋನ್ ಹೊದಿಕೆಯ ಮೆತ್ತನೆ ವೈರ್, ಅರ್ತ್‌ಗೆ ನೇಯ್ದ ತಾಮ್ರದ ಪಟ್ಟಿ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುವುದರಿಂದ ಮಡಿಕೆ ಅಲ್ಲಿಗೆ ಬರದ ಹಾಗೆ ಕೂರಿಸಿ. ಪ್ಲೇಟ್ ಎರಡೂ ಕೊನೆಗೆ ತಿರುಗಿದಾಗ ವೈರ್ ಬಿಗಿಯಾಗಬಾರದು, ಕ್ಯಾಮಿಗೂ ತಾಗಬಾರದು. ಪಾಯಿಂಟ್ ಟರ್ಮಿನಲ್ಲಿನ ಇನ್ಸುಲೇಟರ್ ವಾಷರ್ ಯಾವುದರ ಮೇಲೆ ಯಾವುದು ಅಂತ ಬಿಚ್ಚುವ ಮುಂಚೆ ಫೋಟೋ ತೆಗೆದಿಡಿ. ತಿರುವುಮುರುವಾದರೆ ಪಾಯಿಂಟ್ ಸದಾ ಅರ್ತ್ ಆಗಿ ಗಾಡಿ ಸ್ಟಾರ್ಟೇ ಆಗಲ್ಲ.

ಕೈ ಹಾಕಿದ ಮೇಲೆ ಇನ್ನೆರಡು ಕೆಲಸ. ಕ್ಯಾಮಿಗೆ ಬೇಳೆಕಾಳಿನಷ್ಟು ಗ್ರೀಸ್, ರೋಟರ್ ಕೆಳಗಿನ ಫೆಲ್ಟಿಗೆ ಎರಡು ಹನಿ ಎಣ್ಣೆ. ಪಾಯಿಂಟ್ ಮುಖಕ್ಕೆ ಎಣ್ಣೆ ಸೋಕಿದ್ದರೆ ಒರೆಸಿ.

ಸ್ಪ್ಯಾನರ್13

ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದ್ರೆ ಈ ಪಾಯಿಂಟ್ ರಗಳೆಯೇ ಇರೂದಿಲ್ಲ ಅಲ್ವಾ?

ನೀಲಿಕಿಡಿ

ಪಾಯಿಂಟ್ ಸವೆಯುವ ರಗಳೆ ಇರಲ್ಲ. ಆದರೆ ಕ್ಯಾಪಿನ ಒಳಗೆ ಕೂರಿಸುವ ಸೆನ್ಸರ್ ಕೂಡ ಅದೇ ತಿರುಗುವ ಪ್ಲೇಟಿನ ಮೇಲೇ ಕೂರುತ್ತೆ, ಅದರ ವೈರುಗಳೂ ಹಾಗೇ ಮಡಚುತ್ತವೆ. ಎಷ್ಟೋ ಕಿಟ್‌ಗಳಿಗೆ ಅರ್ತ್ ಸಿಗುವುದೂ ಆ ಪ್ಲೇಟಿನಿಂದಲೇ. ಮುರಿದ ಅರ್ತ್ ವೈರ್ ಮೇಲೆ ಕಿಟ್ ಹಾಕಿದರೆ ಅದೇ ಮಿಸ್ಸಿಂಗ್, ದುಡ್ಡು ಹೋಗಿದ್ದು ಲಾಭ.

ಹಳೇಗಾಡಿ

ಅರ್ತ್ ವೈರ್. ಎಳೆದರೆ ಹೊದಿಕೆ ರಬ್ಬರಿನ ಹಾಗೆ ಹಿಗ್ಗಿತು, ಒಳಗೆ ತಾಮ್ರವೇ ಇಲ್ಲ. ಬದಲಾಯಿಸಿ ಡ್ವೆಲ್ 55ಕ್ಕೆ ಇಟ್ಟಿದ್ದೇನೆ, 3000ದಲ್ಲಿ 54. ಪೈಪ್ ವಾಪಸ್ ಹಾಕಿದರೂ ರೇಸ್ ಪೂರ್ತಿ ಏರುತ್ತೆ. ಟೈಮಿಂಗ್ ಈಗ ಹೇಗೆ ನೋಡಬೇಕು?

ಡಿಗ್ರಿಚಕ್ರ

ಡ್ವೆಲ್ ಐಡಲಿಂಗಿಗೂ 3000ಕ್ಕೂ 3 ಡಿಗ್ರಿಗಿಂತ ಹೆಚ್ಚು ಬದಲಾಗಿದ್ದರೆ ಶಾಫ್ಟಿನ ಬುಷ್ ಸವೆದಿದೆ ಅನ್ನಬೇಕಿತ್ತು. ನಿಮ್ಮದು ಸರಿ ಇದೆ.

ಯಾವಾಗಲೂ ಡ್ವೆಲ್ ಮೊದಲು, ಟೈಮಿಂಗ್ ಆಮೇಲೆ. ಡ್ವೆಲ್ ಬದಲಾದರೆ ಟೈಮಿಂಗ್ ತಾನಾಗಿಯೇ ಬದಲಾಗುತ್ತೆ, ಸುಮಾರು ಒಂದಕ್ಕೊಂದು ಡಿಗ್ರಿ. ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿ, ಟೈಮಿಂಗ್ ಲೈಟ್ ಒಂದನೇ ಪ್ಲಗ್ ವೈರಿಗೆ ಹಾಕಿ. ಐಡಲಿಂಗಿನ ಅಂಕಿ ನಿಮ್ಮ ಎಂಜಿನ್ ಪುಸ್ತಕದಲ್ಲಿರುವುದೇ ಸರಿ. ಹಳೇ ನಾಲ್ಕು ಸಿಲಿಂಡರುಗಳಲ್ಲಿ ಮೇಲಿನ ಬಿಂದುವಿಗಿಂತ (ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ) 5–10 ಡಿಗ್ರಿ ಮುಂಚೆ ಇರುವುದು ಸಾಮಾನ್ಯ. ಆಮೇಲೆ ನಿಧಾನಕ್ಕೆ ರೇಸ್ ಏರಿಸಿದರೆ ಗುರುತು ನಯವಾಗಿ ಮುಂದೆ ಸರಿಯುತ್ತಾ ಹೋಗಬೇಕು. 3500ರ ಹೊತ್ತಿಗೆ ಒಟ್ಟು 28–34 ಡಿಗ್ರಿ. ಕದಲದೆ ನಿಂತರೆ ಪ್ಲೇಟಿನ ಕೆಳಗಿದ್ದು ಅಡ್ವಾನ್ಸ್ ಕೊಡುವ ತೂಕದ ಕಲ್ಲುಗಳು ಒಣಗಿ ಅಂಟಿಕೊಂಡಿವೆ. ಎಂಜಿನ್ ಏರುತ್ತೆ, ಆದರೆ ಎತ್ತು ಎಳೆದ ಹಾಗೆ, ಬಿಸಿಯೂ ಜಾಸ್ತಿ. ರೋಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಅದನ್ನು ಟಪ್ ಅಂತ ವಾಪಸ್ ತರಬೇಕು.

ಪುಸ್ತಕದಲ್ಲಿ ಡಿಸ್ಟ್ರಿಬ್ಯೂಟರ್ ಡಿಗ್ರಿ ಕೊಟ್ಟಿದ್ದಾರೋ ಕ್ರ್ಯಾಂಕ್ ಡಿಗ್ರಿಯೋ ನೋಡಿಕೊಳ್ಳಿ. ಡಿಸ್ಟ್ರಿಬ್ಯೂಟರ್ ಅರ್ಧ ವೇಗದಲ್ಲಿ ತಿರುಗುವುದರಿಂದ ಅದರ 10 ಎಂದರೆ ಕ್ರ್ಯಾಂಕಿನ 20.

ಇನ್ನೊಂದು ಬಲೆ. ಪುಲ್ಲಿಯ ಹೊರ ಉಂಗುರ ರಬ್ಬರಿನ ಮೇಲೆ ಕೂತಿರುವ ಮಾದರಿಯಾದರೆ, ಹಳೇ ರಬ್ಬರ್ ಜಾರಿ ಗುರುತೇ ತಪ್ಪು ಜಾಗಕ್ಕೆ ಹೋಗಿರುತ್ತೆ. ಒಂದನೇ ಪ್ಲಗ್ ತೂತಿನಲ್ಲಿ ಪಿಸ್ಟನ್ ಸ್ಟಾಪ್ ಹಾಕಿ, ಕೈಯಿಂದ ಎರಡೂ ಕಡೆಯಿಂದ ತಿರುಗಿಸಿ ನಿಂತ ಜಾಗ ಗುರುತು ಮಾಡಿ. ಎರಡರ ನಟ್ಟನಡುವೆ ನಿಜವಾದ ಮೇಲಿನ ಬಿಂದು.

ಹಳೇಗಾಡಿ

ಐಡಲಿಂಗ್ 8, 3500ರಲ್ಲಿ 30. ಅರ್ಧ ಪೆಡಲಿನ ಜರ್ಕ್ ಹೋಯಿತು. ಏರಿನಲ್ಲಿ ಎರಡು ನಿಮಿಷದ ಮೇಲೆ ಸುಸ್ತಾಗೋದು ಹಾಗೇ ಇದೆ. ಹೇಳಿದ ಹಾಗೆ ಕೀ ಆಫ್ ಮಾಡಿ ನೋಡಿದೆ, ಫ್ಲೋಟ್ ಚೇಂಬರಿನಲ್ಲಿ ತಳದ ಕಾಲುಭಾಗ ಮಾತ್ರ ಪೆಟ್ರೋಲ್.

ಕಾರ್ಬ್‌ಕಟ್ಟೆ

ಮತ್ತೆ ಬಂದೆ. ಲೆಕ್ಕ ನೋಡಿ: 50 ಎಚ್‌ಪಿ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ, ನಿಮಿಷಕ್ಕೆ 250 ಮಿ.ಲೀ. ಐಡಲಿಂಗಿಗೆ ನಿಮಿಷಕ್ಕೆ 20 ಮಿ.ಲೀ. ಕೂಡ ಬೇಕಿಲ್ಲ. ಅದಕ್ಕೇ ಮನೆ ಮುಂದೆ ನಿಲ್ಲಿಸಿ ಎಷ್ಟು ರೇಸ್ ಕೊಟ್ಟರೂ ಈ ತಪ್ಪು ಸಿಕ್ಕುವುದಿಲ್ಲ.

ಮೊದಲು ಟ್ಯಾಂಕ್ ಮುಚ್ಚಳ ಸಡಿಲ ಬಿಟ್ಟು ಅದೇ ಏರು ಹತ್ತಿಸಿ. ಸುಸ್ತು ಹೋದರೆ ಮುಚ್ಚಳದ ಗಾಳಿತೂತು ಮುಚ್ಚಿದೆ, ಕೆಲಸ ಮುಗಿಯಿತು.

ಹೋಗದಿದ್ದರೆ ಪಂಪಿನ ಅಳತೆ. ಕಾಯಿಲಿನಿಂದ ಕ್ಯಾಪಿಗೆ ಬರುವ ದಪ್ಪ ವೈರ್ ಕಿತ್ತು ಅರ್ತ್ ಮಾಡಿ ದೂರ ಕಟ್ಟಬಹುದು, ಆದರೆ ಸೆಲ್ಫ್ ಹೊಡೆದು ಅಳೆದರೆ ನಿಧಾನ ವೇಗದ ಲೆಕ್ಕ ಮಾತ್ರ ಸಿಗುತ್ತದೆ. ಐಡಲಿಂಗಿನಲ್ಲಿ ಅಳೆಯುವುದು ಮೇಲು: ಫ್ಲೋಟ್ ಚೇಂಬರ್ ತುಂಬಿಸಿ, ಕಾರ್ಬೊರೇಟರಿಗೆ ಬರುವ ಪೈಪ್ ಕಳಚಿ ಉದ್ದನೆ ರಬ್ಬರ್ ಪೈಪಿನಿಂದ ದೂರದ ಡಬ್ಬಿಗೆ ಬಿಡಿ. ಚೇಂಬರಿನ ಪೆಟ್ರೋಲಿನಲ್ಲೇ ಎಂಜಿನ್ ಒಂದು ನಿಮಿಷ ಓಡುತ್ತದೆ. ಬಯಲಲ್ಲಿ, ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವ ಹಾಗೆ ಇಟ್ಟುಕೊಂಡು. ಬಿಸಿ ಮ್ಯಾನಿಫೋಲ್ಡ್ ಮೇಲೆ ಒಂದು ಹನಿಯೂ ಬೀಳಬಾರದು. ನಿಮಿಷಕ್ಕೆ ಅರ್ಧ ಲೀಟರ್ ಬಂದರೆ ನೆಮ್ಮದಿ. ಒತ್ತಡ ಮೆಕ್ಯಾನಿಕಲ್ ಪಂಪಿಗೆ 2.5–5 ಪಿಎಸ್‌ಐ ನಡುವೆ ಪುಸ್ತಕದಲ್ಲಿರುವಷ್ಟು.

ಹಳೇಗಾಡಿ

ಮುಚ್ಚಳ ಸಡಿಲಿಸಿದರೂ ಅದೇ. ಪಂಪ್ ಒಂದು ನಿಮಿಷಕ್ಕೆ 180 ಮಿ.ಲೀ., ನಡುನಡುವೆ ಗುಳ್ಳೆ.

ಕಾರ್ಬ್‌ಕಟ್ಟೆ

ಗುಳ್ಳೆ ಬಂತು ಅಂದರೆ ಎಳೆಯುವ ಕಡೆ ಗಾಳಿ ಸೇರುತ್ತಿದೆ. ಪಂಪ್ ಆಚೆಯ ಪೈಪ್ ಒಡೆದರೆ ಪೆಟ್ರೋಲ್ ಹೊರಗೆ ಸೋರಿ ವಾಸನೆ ಬರುತ್ತದೆ. ಟ್ಯಾಂಕಿನಿಂದ ಪಂಪಿನ ತನಕ ಒಡೆದರೆ ಹೊರಗೆ ಒಂದು ಹನಿಯೂ ಕಾಣದು, ಒಳಗೆ ಗಾಳಿ ನುಗ್ಗುತ್ತದೆ. ಟ್ಯಾಂಕಿನ ಬಾಯಲ್ಲಿ ಮತ್ತು ಪಂಪಿನ ಬಾಯಲ್ಲಿರುವ ಗಿಡ್ಡ ರಬ್ಬರ್ ತುಂಡುಗಳನ್ನು ಬಗ್ಗಿಸಿ ನೋಡಿ, ಸೀಳು ಬಾಯಿ ಬಿಡುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಒಳಗಿನಿಂದಲೇ ಪುಡಿ ಮಾಡುವುದೂ ಉಂಟು. ಎಥನಾಲ್ ತಡೆಯುವ ಪೈಪ್ ಹಾಕಿ, ಹೊಸ ಕ್ಲಿಪ್ ಹಾಕಿ.

ಆಮೇಲೆ ಪಂಪಿನ ಕಡೆ ಪೈಪ್ ಕಳಚಿ, ಟ್ಯಾಂಕ್ ಮುಚ್ಚಳ ತೆರೆದು, ಕೈಪಂಪಿನಿಂದ ಟ್ಯಾಂಕಿನ ಕಡೆಗೆ ಊದಿ. ಗುಳುಗುಳು ಸದ್ದು ಸರಾಗವಾಗಿ ಕೇಳಬೇಕು. ಪಂಪ್ ಜೋಡಿಸಿಕೊಂಡೇ ಊದಿದರೆ ಅದರ ಡಯಾಫ್ರಮ್ ಹರಿಯುತ್ತದೆ. ಊದಿದಾಗ ತೆರೆದುಕೊಂಡು ಮತ್ತೆ ಕಟ್ಟಿದರೆ ಟ್ಯಾಂಕಿನ ತಳದ ತುಕ್ಕು ಜಾಲರಿಗೆ ಬಂದು ಕೂರುತ್ತಿದೆ, ಟ್ಯಾಂಕ್ ಇಳಿಸಲೇಬೇಕು.

ಇದೆಲ್ಲ ಸರಿಯಿದ್ದೂ ಕಡಿಮೆ ಬಂದರೆ ಪಂಪ್. ಎಂಜಿನ್ ಆಯಿಲ್ ಕಡ್ಡಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಡಯಾಫ್ರಮ್ ಹರಿದು ಆಯಿಲಿಗೆ ಸೇರುತ್ತಿದೆ, ಆಯಿಲ್ ಬದಲಾಯಿಸದೆ ಓಡಿಸಬೇಡಿ. ಪಂಪ್ ಕೆಳಗೆ ಪ್ಯಾಕಿಂಗ್ ಎರಡೆರಡು ಹಾಕಿದ್ದರೂ ಲಿವರ್ ಪೂರ್ತಿ ಒತ್ತಿಕೊಳ್ಳದೆ ಪೆಟ್ರೋಲ್ ಕಡಿಮೆಯಾಗುತ್ತದೆ.

ಪಿಸ್ಟನ್‌ಗೂಡು

ನಡುವೆ ಒಂದು ಮಾತು, ಬೇರೆ ಮಾದರಿ ಇರುವವರಿಗೆ. ಎಸ್‌ಯು ಅಥವಾ ಸ್ಟ್ರಾಂಬರ್ಗ್ ಥರದ, ಪಿಸ್ಟನ್ ಮೇಲೇಳುವ ಕಾರ್ಬೊರೇಟರ್ ಆದರೆ 2500ಕ್ಕೆ ನಿಲ್ಲುವುದರ ಮೊದಲ ಅನುಮಾನವೇ ಬೇರೆ. ಸ್ಟ್ರಾಂಬರ್ಗಿನಲ್ಲಿ ಪಿಸ್ಟನ್ನನ್ನು ಎತ್ತುವ ರಬ್ಬರ್ ಡಯಾಫ್ರಮ್ ಹರಿದರೆ ಪಿಸ್ಟನ್ ಏಳುವುದೇ ಇಲ್ಲ, ಐಡಲಿಂಗ್ ಮಾತ್ರ ಚೆನ್ನಾಗಿರುತ್ತೆ. ಎಸ್‌ಯುನಲ್ಲಿ ಗೂಡಿನೊಳಗೆ ಕೊಳೆ ಸೇರಿ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತೆ. ಬೆರಳಿನಿಂದ ಎತ್ತಿ ಬಿಟ್ಟರೆ ಠಕ್ ಅಂತ ಕೆಳಗೆ ಕೂರಬೇಕು. ಗೂಡನ್ನು ಮರಳು ಕಾಗದದಿಂದ ಉಜ್ಜಬೇಡಿ, ಪೆಟ್ರೋಲಿನಲ್ಲಿ ಒರೆಸಿದರೆ ಸಾಕು.

ಟ್ಯಾಪೆಟ್‌ಸದ್ದು

ಕಿಡಿ, ಪೆಟ್ರೋಲ್, ಹೊಗೆ ಮೂರೂ ಬರೋಬ್ಬರಿ ಇದ್ದೂ ಏರದಿದ್ರ ವಾಲ್ವ್ ಕವರ್ ಬಿಚ್ಚ್ರಿ. ಟ್ಯಾಪೆಟ್ ಗ್ಯಾಪ್ ಸರಿ ಮಾಡಿ, ಎಂಜಿನ್ ಕೈಯಿಂದ ತಿರುಗಿಸಿ, ಎಂಟೂ ವಾಲ್ವ್ ಎಷ್ಟೆಷ್ಟು ಇಳಿತಾವ ಅಂತ ಡಯಲ್ ಗೇಜಿನಿಂದ ಅಳದು ಬರಕೊಳ್ರಿ. ಇನ್ಲೆಟ್ ಇನ್ಲೆಟ್ಟಿಗೆ, ಎಕ್ಸಾಸ್ಟ್ ಎಕ್ಸಾಸ್ಟಿಗೆ ಹೋಲಿಸ್ರಿ. ಒಂದು ಬಾಳ ಕಡಿಮಿ ಇದ್ರ ಕ್ಯಾಮಿನ ಮೂಗು ಸವದೈತಿ. ಕಂಪ್ರೆಷನ್ ಗೇಜ್ ಇದನ್ನ ಒಮ್ಮೊಮ್ಮೆ ತೋರ್ಸೂದಿಲ್ಲ.

ಹಳೇಗಾಡಿ

ಟ್ಯಾಂಕಿನ ಬಾಯಲ್ಲಿದ್ದ ರಬ್ಬರ್ ತುಂಡು ಕ್ಲಿಪ್ಪಿನ ಕೆಳಗೆ ಸೀಳಿತ್ತು. ಎರಡೂ ಕಡೆಯ ತುಂಡು ಬದಲಾಯಿಸಿ ಅಳೆದರೆ ನಿಮಿಷಕ್ಕೆ 520 ಮಿ.ಲೀ., ಗುಳ್ಳೆ ಇಲ್ಲ. ಏರಿನಲ್ಲಿ ಹತ್ತು ನಿಮಿಷ ಪೂರ್ತಿ ಪೆಡಲ್, ಸುಸ್ತಿಲ್ಲ. ಪಾಯಿಂಟೂ ಹೊಸದು ಹಾಕಿದ್ದೇನೆ, ಮತ್ತೆ ಯಾವಾಗ ನೋಡಬೇಕು?

ನೀಲಿಕಿಡಿ

ಹೊಸ ಪಾಯಿಂಟಿನ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಬೇಗ ಸವೆದು ಕೂರುತ್ತೆ, ಗ್ಯಾಪ್ ಕಿರಿದಾಗುತ್ತೆ. 500 ಕಿ.ಮೀ. ಆದ ಮೇಲೆ ಡ್ವೆಲ್ ನೋಡಿ. 55 ಇದ್ದಿದ್ದು 58ಕ್ಕೆ ಏರಿದ್ದರೆ ವಾಪಸ್ 55ಕ್ಕೆ ತಂದು, ಟೈಮಿಂಗ್ ಲೈಟ್ ಹಾಕಿ 8 ಡಿಗ್ರಿ ಮತ್ತೆ ನೋಡಿಕೊಳ್ಳಿ. ಹಳೇ ಪಾಯಿಂಟ್ ಚೆನ್ನಾಗಿದ್ದರೆ ಎಸೆಯಬೇಡಿ, ಒಂದು ಫೀಲರ್ ಗೇಜ್ ಜೊತೆ ಗಾಡಿಯಲ್ಲೇ ಇರಲಿ.